ವಿವೇಚನೆಗೆ ತಕ್ಕಡಿ ಉಂಟೆ?

ವೈಚಾರಿಕತೆ ಎಂಬ ಮಾತಿಗೆ ಮನೋವಿಜ್ಞಾನದಲ್ಲಿ ಎರಡು ಮುಖಗಳಿವೆ. ಸಿಕ್ಕ ಸಾಕ್ಷ್ಯಕ್ಕೆ ತಕ್ಕಷ್ಟೇ ನಂಬುವುದು, ಸಾಕ್ಷ್ಯ ಬದಲಾದರೆ ನಂಬಿಕೆಯನ್ನೂ ಬದಲಿಸುವುದು ಒಂದು. ಬೇಕಾದ ಗುರಿಗೆ ತಕ್ಕ ದಾರಿಯನ್ನು ಆರಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ನಂಬಿಕೆಯ ವಿವೇಚನೆ, ಎರಡನೆಯದು ನಡೆಯ ವಿವೇಚನೆ. ರಾಜಕೀಯ ಪಕ್ಷಪಾತವು ನಂಬಿಕೆಯ ವಿವೇಚನೆಯಲ್ಲಿ ಉಂಟಾಗುವ ದೋಷ. ಒಂದೇ ತೂಕದ ಎರಡು ಸಾಕ್ಷ್ಯಗಳು ಎದುರಿಗಿದ್ದಾಗ ತನ್ನ ಪಕ್ಷಕ್ಕೆ ಅನುಕೂಲವಾದದ್ದು ಭಾರವಾಗಿಯೂ ಪ್ರತಿಕೂಲವಾದದ್ದು ಹಗುರವಾಗಿಯೂ ಕಂಡರೆ ಅಲ್ಲಿ ಪಕ್ಷಪಾತವಿದೆ. ಒಂದು ಪಕ್ಷವನ್ನು ಬೆಂಬಲಿಸುವುದು ತಾನಾಗಿಯೇ ಪಕ್ಷಪಾತವಾಗುವುದಿಲ್ಲ. ಆ ಬೆಂಬಲ ಸಾಕ್ಷ್ಯಗಳನ್ನು ತೂಗುವ ಕೈಯನ್ನು ಅಲುಗಾಡಿಸಿತೇ ಎಂಬುದು ಇಲ್ಲಿರುವ ಪ್ರಶ್ನೆ.

ವೈಚಾರಿಕತೆಯನ್ನೂ ರಾಜಕೀಯ ಪಕ್ಷಪಾತವನ್ನೂ ಐದು ನಿಮಿಷದಲ್ಲಿ ಅಳೆದುಕೊಡುತ್ತೇವೆ ಎನ್ನುವ ಕ್ವಿಜ್‌ಗಳು ಇಂದು ಪ್ರತಿ ಮೊಬೈಲಿನಲ್ಲಿಯೂ ಸಿಗುತ್ತವೆ. ಹತ್ತಿಪ್ಪತ್ತು ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಕೊನೆಗೆ ಒಂದು ಅಂಕವೋ ನಕ್ಷೆಯ ಮೇಲಿನ ಒಂದು ಚುಕ್ಕೆಯೋ ಬರುತ್ತದೆ. ಆ ಅಂಕಕ್ಕೆ ಎಷ್ಟು ಬೆಲೆ ಕೊಡಬಹುದು ಎಂಬುದು ಈ ಅಧ್ಯಾಯದ ವಿಷಯ. ಉದಾಹರಣೆಗಳನ್ನು ಪುಣೆಯ ದಕ್ಷಿಣ ಅಂಚಿನ ಕಾತ್ರಜದಿಂದ ಆರಿಸಿಕೊಂಡಿದೆ. ಇಲ್ಲಿಂದ ಘಾಟು ಹತ್ತುವ ರಸ್ತೆ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಧಾರವಾಡಗಳ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಮನುಷ್ಯರ ಬುದ್ಧಿಯನ್ನು, ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಬಗೆ ಹೇಗೆ ಎಂಬುದಕ್ಕೆ ಭಾರತದಲ್ಲಿ ಸಿಗುವ ಎರಡು ಒಳ್ಳೆಯ ಪಾಠಗಳು ಇದೇ ದಾರಿಯ ಧಾರವಾಡದಲ್ಲಿ ಮತ್ತು ಪುಣೆಯಲ್ಲಿ ಇವೆ.

ಅಳತೆಯ ಮೂರು ಗುಣಗಳು

ಕಾತ್ರಜದ ಸಂತೆಯಲ್ಲಿ ಕಾಯಿಪಲ್ಲೆ ತೂಗುವ ತಕ್ಕಡಿಗೂ ಕಾನೂನಿನ ಪ್ರಕಾರ ಸರ್ಕಾರದ ಮುದ್ರೆ ಬೇಕು. ಮನಸ್ಸನ್ನು ಅಳೆಯುವ ಸಾಧನಕ್ಕೆ ಇಂಥ ಇಲಾಖೆಯಿಲ್ಲ. ಆದರೆ ಮುದ್ರೆ ಒತ್ತುವ ಮೊದಲು ನೋಡಬೇಕಾದ ಗುಣಗಳನ್ನು ಮನೋಮಾಪನ ಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ.

ಮೊದಲನೆಯದು ವಿಶ್ವಾಸಾರ್ಹತೆ. ಅದೇ ವ್ಯಕ್ತಿಯನ್ನು ತಿಂಗಳು ಬಿಟ್ಟು ಮತ್ತೆ ಅಳೆದಾಗ ಹೆಚ್ಚುಕಡಿಮೆ ಅದೇ ಅಂಕ ಬರಬೇಕು. ಎರಡನೆಯದು ಸಿಂಧುತ್ವ. ಸಾಧನವು ತಾನು ಅಳೆಯುತ್ತೇನೆ ಎನ್ನುವುದನ್ನೇ ಅಳೆಯಬೇಕು. ಹೆಸರು ವಿವೇಚನೆಯದಾಗಿದ್ದು ಅಳೆದದ್ದು ಇಂಗ್ಲಿಷ್ ಓದುವ ವೇಗವಾಗಬಾರದು. 1955ರಲ್ಲಿ ಲೀ ಕ್ರಾನ್‌ಬಾಕ್ ಮತ್ತು ಪಾಲ್ ಮೀಲ್ ಈ ಗುಣವನ್ನು ವಿವರವಾಗಿ ಚರ್ಚಿಸಿದರು. ಕಣ್ಣಿಗೆ ಕಾಣದ ಗುಣವೊಂದನ್ನು ಅಳೆಯುತ್ತೇವೆ ಎನ್ನುವವರು ಆ ಅಂಕ ಬೇರೆ ಯಾವ ನಡವಳಿಕೆಗಳ ಜೊತೆ ಹೊಂದುತ್ತದೆ, ಯಾವುದರ ಜೊತೆ ಹೊಂದುವುದಿಲ್ಲ ಎಂದು ತೋರಿಸಬೇಕು ಎಂಬುದು ಅವರ ವಾದದ ತಿರುಳು. ಮೂರನೆಯದು ಮಾನಕ. ಒಬ್ಬರಿಗೆ 7 ಅಂಕ ಬಂತು ಎನ್ನುವುದಕ್ಕೆ ತಾನಾಗಿ ಅರ್ಥವಿಲ್ಲ. ಅದೇ ಭಾಷೆಯ, ಅದೇ ವಯಸ್ಸಿನ, ಅದೇ ಓದಿನ ಜನರಲ್ಲಿ ಸಾಮಾನ್ಯವಾಗಿ ಎಷ್ಟು ಬರುತ್ತದೆ ಎಂದು ಗೊತ್ತಿದ್ದರೆ ಮಾತ್ರ ಅದು ಹೆಚ್ಚೋ ಕಡಿಮೆಯೋ ಹೇಳಬಹುದು.

ಮೊಬೈಲಿನ ಕ್ವಿಜ್ ಎದುರಾದಾಗ ಈ ಮೂರನ್ನೂ ಕೇಳಬೇಕು. ಅವಕ್ಕೆ ಉತ್ತರ ಕೊಡುವ ಕ್ವಿಜ್‌ಗಳು ಬಹಳ ವಿರಳ.

ಮೂರು ಪ್ರಶ್ನೆಗಳ ಪರೀಕ್ಷೆ

ಅಂತರ್ಜಾಲದ ವೈಚಾರಿಕತೆಯ ಕ್ವಿಜ್‌ಗಳಲ್ಲಿ ಹಲವುಗಳ ಮೂಲ ಒಂದು ಗಂಭೀರ ಸಂಶೋಧನೆ. 2005ರಲ್ಲಿ ಶೇನ್ ಫ್ರೆಡರಿಕ್ ಮೂರೇ ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದರ ಮೊದಲ ಪ್ರಶ್ನೆಯನ್ನು ರೂಪಾಯಿಗೆ ತಿರುಗಿಸಿದರೆ ಹೀಗಾಗುತ್ತದೆ: ಬ್ಯಾಟು ಮತ್ತು ಚೆಂಡು ಸೇರಿ 110 ರೂಪಾಯಿ, ಬ್ಯಾಟಿನ ಬೆಲೆ ಚೆಂಡಿಗಿಂತ 100 ರೂಪಾಯಿ ಹೆಚ್ಚು, ಚೆಂಡಿನ ಬೆಲೆ ಎಷ್ಟು? ಥಟ್ಟನೆ ನಾಲಿಗೆಗೆ ಬರುವ ಉತ್ತರ 10. ಚೆಂಡು 10 ರೂಪಾಯಿಯಾದರೆ ಬ್ಯಾಟು 110 ಆಗಿ ಒಟ್ಟು 120 ಆಗುತ್ತದೆ. ಸರಿಯುತ್ತರ 5. ಇನ್ನೊಂದು ಪ್ರಶ್ನೆ ಕೆರೆಯ ಮೇಲೆ ಹಬ್ಬುವ ಎಲೆಗಳದು. ಕಾತ್ರಜದ ಕೆರೆಯಲ್ಲಿ ಅಂತರಗಂಗೆಯಂಥ ಕಳೆ ದಿನಕ್ಕೆ ಎರಡು ಪಟ್ಟಾಗುತ್ತ 48 ದಿನದಲ್ಲಿ ಇಡೀ ಕೆರೆಯನ್ನು ಮುಚ್ಚುವುದಾದರೆ ಅರ್ಧ ಕೆರೆ ಮುಚ್ಚಲು ಎಷ್ಟು ದಿನ? 24 ಎಂದು ಮನಸ್ಸು ಹೇಳುತ್ತದೆ, ಉತ್ತರ 47.

ಫ್ರೆಡರಿಕ್ ಈ ಪರೀಕ್ಷೆಯನ್ನು 3,428 ಜನರಿಗೆ ಕೊಟ್ಟಿದ್ದರು. ಸರಾಸರಿ ಅಂಕ 3ಕ್ಕೆ 1.24. ಮೂರನ್ನೂ ಸರಿಯಾಗಿ ಬಿಡಿಸಿದವರು ನೂರಕ್ಕೆ 17, ಒಂದನ್ನೂ ಬಿಡಿಸದವರು ನೂರಕ್ಕೆ 33. ಮೊದಲು ಹೊಳೆದದ್ದನ್ನು ತಡೆದು ಇನ್ನೊಮ್ಮೆ ನೋಡುವ ಅಭ್ಯಾಸ ಎಷ್ಟಿದೆ ಎಂಬುದರ ಅಂದಾಜನ್ನು ಈ ಪರೀಕ್ಷೆ ಕೊಡುತ್ತದೆ. ಅದು ವಿವೇಚನೆಯ ಒಂದು ಅಂಗ, ಮುಖ್ಯವಾದ ಅಂಗ. ಆದರೆ ಲೆಕ್ಕದಲ್ಲಿ ಪಳಗಿದವರಿಗೆ ಈ ಪ್ರಶ್ನೆಗಳು ಸುಲಭ. ಆದ್ದರಿಂದ ಒಬ್ಬರಿಗೆ ಕಡಿಮೆ ಅಂಕ ಬಂದಾಗ ಅದು ಆತುರದಿಂದ ಬಂತೋ ಲೆಕ್ಕದ ಅಭ್ಯಾಸವಿಲ್ಲದ್ದರಿಂದ ಬಂತೋ ಎಂದು ಬಿಡಿಸಿ ಹೇಳಲಾಗದು.

ಪ್ರಶ್ನೆಗಳು ಹಳತಾಗುವುದು ಇನ್ನೊಂದು ತೊಡಕು. ಬ್ಯಾಟು-ಚೆಂಡಿನ ಒಗಟು ಪುಸ್ತಕ, ವಿಡಿಯೊ, ವಾಟ್ಸ್ಆ್ಯಪ್‌ಗಳಲ್ಲಿ ಸುತ್ತಿ ಸುತ್ತಿ ಲಕ್ಷಾಂತರ ಜನರಿಗೆ ಪರಿಚಯವಾಗಿದೆ. ಅದನ್ನು ಮೊದಲೇ ಕಂಡವರು ಯೋಚಿಸದೆ 5 ಎನ್ನುತ್ತಾರೆ. ಅದೇ ಪ್ರಶ್ನೆಯನ್ನು ತುಪ್ಪ ಮತ್ತು ಡಬ್ಬಿಗೆ ಬದಲಿಸಿ, ಎರಡೂ ಸೇರಿ 1,100 ರೂಪಾಯಿ, ತುಪ್ಪ ಡಬ್ಬಿಗಿಂತ 1,000 ರೂಪಾಯಿ ಹೆಚ್ಚು ಎಂದು ಕೇಳಿದಾಗ 50 ಎಂದು ಹೇಳಬಲ್ಲವರಿಗೆ ಮಾತ್ರ ಆ ಅಂಕ ನ್ಯಾಯವಾಗಿ ಸಲ್ಲುತ್ತದೆ. ಪ್ರಯೋಗಾಲಯದ ಪರೀಕ್ಷಕರು ಮೊದಲೇ ಕಂಡವರು ಯಾರು ಎಂದು ಕೇಳಿ ಬೇರ್ಪಡಿಸುತ್ತಾರೆ. ಕ್ವಿಜ್ ಇದನ್ನು ಸಾಮಾನ್ಯವಾಗಿ ಕೇಳುವುದೇ ಇಲ್ಲ.

ಬಸ್ಸಿನಲ್ಲಿ ಬಿಡಿಸುವ ತರ್ಕ

1966ರಲ್ಲಿ ಪೀಟರ್ ವೇಸನ್ ಪ್ರಕಟಿಸಿದ ಕಾರ್ಡುಗಳ ಒಗಟು ಕೂಡ ಇಂಥ ಕ್ವಿಜ್‌ಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೇಜಿನ ಮೇಲೆ ನಾಲ್ಕು ಕಾರ್ಡುಗಳು. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ‘ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಬೇಕು’ ಎಂಬ ನಿಯಮ ನಿಜವೇ ಎಂದು ನೋಡಲು ಯಾವ ಕಾರ್ಡುಗಳನ್ನು ಮಗುಚಬೇಕು? ಸ್ವರವಿರುವ ಕಾರ್ಡನ್ನೂ ಬೆಸಸಂಖ್ಯೆಯಿರುವ ಕಾರ್ಡನ್ನೂ ಮಗುಚಬೇಕು. ಹೀಗೆ ಸರಿಯಾಗಿ ಹೇಳುವವರು ಹತ್ತರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು.

ಈಗ ಅದೇ ತರ್ಕವನ್ನು ಕಾತ್ರಜದಿಂದ ಶಿವಾಜಿನಗರಕ್ಕೆ ಹೊರಟ ಸಿಟಿ ಬಸ್ಸಿಗೆ ತರಬಹುದು. ‘ಅರ್ಧ ಟಿಕೆಟ್ ಪಡೆದವರು 12 ವರ್ಷದೊಳಗಿನವರಾಗಿರಬೇಕು’ ಎಂದು ನಿಯಮ ಇದೆಯೆಂದಿಟ್ಟುಕೊಳ್ಳಿ. ಒಬ್ಬರ ಕೈಯಲ್ಲಿ ಅರ್ಧ ಟಿಕೆಟ್ ಕಾಣುತ್ತಿದೆ, ವಯಸ್ಸು ಗೊತ್ತಿಲ್ಲ. ಇನ್ನೊಬ್ಬರ ಕೈಯಲ್ಲಿ ಪೂರ್ಣ ಟಿಕೆಟ್. ಮೂರನೆಯವರು 9 ವರ್ಷದ ಹುಡುಗಿ, ನಾಲ್ಕನೆಯವರು 30ರ ಆಸುಪಾಸಿನವರು. ಇವರಿಬ್ಬರ ಟಿಕೆಟ್ ಕಾಣುತ್ತಿಲ್ಲ. ಕಂಡಕ್ಟರ್ ಯಾರನ್ನು ಕೇಳಬೇಕು? ಅರ್ಧ ಟಿಕೆಟ್ ಹಿಡಿದವರ ವಯಸ್ಸನ್ನು ಮತ್ತು 30ರವರ ಟಿಕೆಟ್ಟನ್ನು. ಇದಕ್ಕೆ ಕಾರ್ಡುಗಳ ತರ್ಕವೇ ಸಾಕು, ಕೂದಲೆಳೆಯಷ್ಟೂ ಬದಲಿಲ್ಲ. 1982ರಲ್ಲಿ ರಿಚರ್ಡ್ ಗ್ರಿಗ್ಸ್ ಮತ್ತು ಜೇಮ್ಸ್ ಕಾಕ್ಸ್ ಮದ್ಯಪಾನದ ವಯಸ್ಸಿನ ನಿಯಮವನ್ನಿಟ್ಟು ಇಂಥದೇ ಪ್ರಶ್ನೆ ಕೇಳಿದಾಗ ಸುಮಾರು ಮುಕ್ಕಾಲು ಪಾಲು ವಿದ್ಯಾರ್ಥಿಗಳು ಸರಿಯಾಗಿ ಬಿಡಿಸಿದರು.

ತರ್ಕ ಒಂದೇ ಆಗಿದ್ದೂ ಪ್ರಶ್ನೆಯ ಬಟ್ಟೆ ಬದಲಾದ ಮಾತ್ರಕ್ಕೆ ಹತ್ತರ ಅಂಕ ಎಪ್ಪತ್ತು ದಾಟುತ್ತದೆ. ಹಾಗಾದರೆ ‘ಇವರ ವಿವೇಚನೆ ಇಷ್ಟು’ ಎಂದು ಒಂದೇ ಅಂಕಿಯಲ್ಲಿ ಹೇಳಲು ಬರುವುದಿಲ್ಲ. ಪ್ರಶ್ನೆ ಯಾರ ಬದುಕಿನಿಂದ ಬಂದಿದೆ ಎಂಬುದೂ ಅಂಕದೊಳಗೆ ಸೇರಿಕೊಂಡಿರುತ್ತದೆ.

ತಿಳಿವಳಿಕೆಯ ತಪ್ಪು, ತರ್ಕದ ತಪ್ಪು

ಕಾತ್ರಜದ ಹಾವಿನ ಉದ್ಯಾನ 1986ರಲ್ಲಿ ಆರಂಭವಾಯಿತು. ಈಗ ಅದು ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯದ ಒಂದು ಭಾಗ. ಹಾವು ಹಾಲು ಕುಡಿಯುತ್ತದೆ, ಪುಂಗಿಯ ನಾದಕ್ಕೆ ತಲೆದೂಗುತ್ತದೆ, ಹೊಡೆದವರನ್ನು ನೆನಪಿಟ್ಟು ಸೇಡು ತೀರಿಸುತ್ತದೆ ಎಂದು ನಂಬಿದವರು ಅದನ್ನು ನೋಡಲು ಬರುವವರಲ್ಲಿಯೂ ಇರುತ್ತಾರೆ. ಹಾವಿಗೆ ಹಾಲು ಆಹಾರವಲ್ಲ. ಹೊರಕಿವಿಯಿಲ್ಲದ ಹಾವು ಪುಂಗಿಯ ಅಲುಗಾಟವನ್ನು ಕಣ್ಣಿನಿಂದ ಹಿಂಬಾಲಿಸುತ್ತದೆ.

‘ಹಾವು ಹಾಲು ಕುಡಿಯುತ್ತದೆಯೆ?’ ಎಂಬ ಪ್ರಶ್ನೆಗೆ ಹೌದು ಎಂದವರನ್ನು ಕ್ವಿಜ್ ಅವೈಚಾರಿಕರ ಪಟ್ಟಿಗೆ ಸೇರಿಸುತ್ತದೆ. ಇದು ನ್ಯಾಯವಲ್ಲ. ಅಜ್ಜಿ, ಪೂಜಾರಿ, ಸಿನಿಮಾ ಮೂವರೂ ಒಂದೇ ಮಾತು ಹೇಳಿರುವಾಗ ಅದನ್ನು ನಂಬಿದ ಮಗು ತನಗೆ ಸಿಕ್ಕ ಸಾಕ್ಷ್ಯಕ್ಕೆ ತಕ್ಕಂತೆಯೇ ನಂಬಿದೆ. ಅದಕ್ಕೆ ಸಿಕ್ಕ ಮಾಹಿತಿ ಕೆಟ್ಟದ್ದು. ಮನೋವಿಜ್ಞಾನಿ ಕೀತ್ ಸ್ಟ್ಯಾನೊವಿಚ್ ಯೋಚನೆಯ ಶಕ್ತಿಯನ್ನೂ ಯೋಚನೆಗೆ ಒದಗುವ ಸರಕನ್ನೂ ಬೇರೆ ಬೇರೆ ಇಟ್ಟು ನೋಡುತ್ತಾರೆ. ಸರಕು ಕೊಳೆತಿದ್ದರೆ ಎಂಥ ಚುರುಕು ಬುದ್ಧಿಯೂ ತಪ್ಪು ತೀರ್ಮಾನಕ್ಕೆ ಬರುತ್ತದೆ. ವಿವೇಚನೆಯ ನಿಜವಾದ ಪರೀಕ್ಷೆ ನಡೆಯುವುದು ಆಮೇಲೆ. ಉದ್ಯಾನದ ಸಿಬ್ಬಂದಿಯ ವಿವರಣೆ ಕೇಳಿ, ಹಾವನ್ನು ಕಣ್ಣಾರೆ ಕಂಡು ಮನೆಗೆ ಹೋದ ಮೇಲೆ ಆ ವ್ಯಕ್ತಿ ಮಾತು ಬದಲಿಸಿದರೇ? ಮುಂದಿನ ನಾಗರಪಂಚಮಿಯ ದಿನ ಏನು ಮಾಡಿದರು? ಒಂದೇ ಸಲಕ್ಕೆ ಮುಗಿಯುವ ಕ್ವಿಜ್‌ಗೆ ಈ ಬದಲಾವಣೆ ಕಾಣಿಸುವುದಿಲ್ಲ.

ಸ್ಟ್ಯಾನೊವಿಚ್, ರಿಚರ್ಡ್ ವೆಸ್ಟ್ ಮತ್ತು ಮ್ಯಾಗಿ ಟಾಪ್ಲ್ಯಾಕ್ ವೈಚಾರಿಕತೆಗೆ ಸಮಗ್ರ ಅಳತೆಗೋಲೊಂದನ್ನು ರೂಪಿಸಿ 2016ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸಂಭವನೀಯತೆಯ ಲೆಕ್ಕ, ವೈಜ್ಞಾನಿಕ ತರ್ಕ, ಹಣಕಾಸಿನ ತಿಳಿವಳಿಕೆ, ಮೂಢನಂಬಿಕೆ, ಸ್ವಪಕ್ಷದ ಒಲವು ಮುಂತಾದ 20 ಉಪಪರೀಕ್ಷೆಗಳು ಅದರಲ್ಲಿವೆ. ಪೂರ್ತಿ ಬರೆಯಲು ಗಂಟೆಗಳೇ ಹಿಡಿಯುತ್ತವೆ. ವರ್ಷಗಟ್ಟಲೆ ದುಡಿದ ತಜ್ಞರಿಗೇ ಇಷ್ಟು ಉದ್ದದ ಸಾಧನ ಬೇಕಾಯಿತು ಎಂಬುದು ಹತ್ತು ಪ್ರಶ್ನೆಯ ಕ್ವಿಜ್‌ಗಳ ಮಿತಿಯನ್ನು ತೋರಿಸುತ್ತದೆ.

ಧಾರವಾಡದ ಪಾಠ

ಒಂದು ನಾಡಿನ ಪರೀಕ್ಷೆಯನ್ನು ಇನ್ನೊಂದು ನಾಡಿಗೆ ತರುವುದು ಎಷ್ಟು ಶ್ರಮದ ಕೆಲಸ ಎಂಬುದಕ್ಕೆ ಕನ್ನಡದಲ್ಲಿಯೇ ಹಳೆಯ ಸಾಕ್ಷಿಯಿದೆ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಆರಂಭಿಸಿದ ಬುದ್ಧಿಮಾಪನದ ಪ್ರಶ್ನೆಗಳನ್ನು ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ತಮ್ಮ ದೇಶಕ್ಕೆ ಒಗ್ಗಿಸಿದರು. ಅದನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸುವ ಕೆಲಸವನ್ನು ಧಾರವಾಡದಲ್ಲಿ ವಿ. ವಿ. ಕಾಮತ್ ಕೈಗೆತ್ತಿಕೊಂಡರು. ಅವರ ಪರಿಷ್ಕರಣೆಯ ವಿವರ 1934ರಲ್ಲಿ ಪ್ರಕಟವಾಯಿತು. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಪುಸ್ತಕ 1940ರಲ್ಲಿ ಬಂತು.

ಇಂಥ ಕೆಲಸದಲ್ಲಿ ಅನುವಾದ ಮೊದಲ ಮೆಟ್ಟಿಲು ಮಾತ್ರ. ಪ್ರತಿ ಪ್ರಶ್ನೆಯನ್ನೂ ಬೇರೆ ಬೇರೆ ವಯಸ್ಸಿನ ಸಾಕಷ್ಟು ಮಕ್ಕಳಿಗೆ ಕೇಳಿ, ಯಾವ ವಯಸ್ಸಿನವರಲ್ಲಿ ಹೆಚ್ಚಿನವರು ಬಿಡಿಸುತ್ತಾರೆ ಎಂದು ನೋಡಬೇಕು. ಅಮೆರಿಕದ ಎಂಟು ವರ್ಷದ ಮಗುವಿಗೆ ಸುಲಭವಾದದ್ದು ಇಲ್ಲಿ ಹತ್ತರವರೆಗೂ ಕಷ್ಟವಾಗಬಹುದು, ಇಲ್ಲವೇ ಆರಕ್ಕೇ ಸುಲಭವಾಗಬಹುದು. ಹಾಗಾದಾಗ ಪ್ರಶ್ನೆಯ ಸ್ಥಾನವನ್ನು ಬದಲಿಸಬೇಕು, ಹೊಂದದೆ ಹೋದರೆ ಕೈಬಿಡಬೇಕು. ಬಿನೆ-ಕಾಮತ್ ಪರೀಕ್ಷೆ ಎಂದೇ ಹೆಸರಾದ ಈ ಸಾಧನ ದಶಕಗಳ ಕಾಲ ದೇಶದ ಆಸ್ಪತ್ರೆಗಳಲ್ಲಿ, ಮಕ್ಕಳ ಮಾರ್ಗದರ್ಶನ ಕೇಂದ್ರಗಳಲ್ಲಿ ಬಳಕೆಯಾಗಿದೆ. ಮಾನಕ ಹಳತಾಯಿತು ಎಂಬ ಟೀಕೆಯನ್ನೂ ಅದು ಎದುರಿಸಿದೆ. ತಲೆಮಾರು ಬದಲಾದಂತೆ ಮಕ್ಕಳ ಸರಾಸರಿ ಅಂಕ ಏರುತ್ತ ಹೋಗುವುದನ್ನು ಜೇಮ್ಸ್ ಫ್ಲಿನ್ 1984ರಲ್ಲಿ ಅಮೆರಿಕದ ಅಂಕಿಅಂಶಗಳಿಂದ ತೋರಿಸಿದ್ದಾರೆ. ಅಳತೆಗೋಲನ್ನು ಮಾಡಿಟ್ಟರೆ ಸಾಲದು, ಕಾಲಕಾಲಕ್ಕೆ ಮತ್ತೆ ಹೊಂದಿಸಬೇಕು.

ಭಾಷೆ ತಾನೇ ಉತ್ತರವನ್ನು ಬದಲಿಸುವುದೂ ಉಂಟು. 1981ರಲ್ಲಿ ಆಮೊಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 600 ಜನರ ಪ್ರಾಣಕ್ಕೆ ಕುತ್ತಾದ ಕಾಯಿಲೆಯ ಪ್ರಶ್ನೆಯೊಂದನ್ನು ಎರಡು ಬಗೆಯಲ್ಲಿ ಕೇಳಿದರು. ‘200 ಜನ ಖಂಡಿತ ಉಳಿಯುತ್ತಾರೆ’ ಎಂದಾಗ ನೂರಕ್ಕೆ 72 ಜನ ಆ ಖಚಿತ ಯೋಜನೆಯನ್ನು ಒಪ್ಪಿದರು. ಅದನ್ನೇ ‘400 ಜನ ಖಂಡಿತ ಸಾಯುತ್ತಾರೆ’ ಎಂದಾಗ ಒಪ್ಪಿದವರು ನೂರಕ್ಕೆ 22. ಮಾತಿನ ಚೌಕಟ್ಟಿಗೆ ಮನಸ್ಸು ಹೀಗೆ ಬಾಗುತ್ತದೆ. 2012ರಲ್ಲಿ ಬೋಅಜ್ ಕೈಸರ್ ಮತ್ತು ಸಂಗಡಿಗರು ಇಂಥ ಪ್ರಶ್ನೆಯನ್ನು ಕಲಿತ ಭಾಷೆಯಲ್ಲಿ ಕೇಳಿದಾಗ ಆ ಬಾಗುವಿಕೆ ಕಾಣಲಿಲ್ಲ, ತಾಯಿನುಡಿಯಲ್ಲಿ ಕಂಡಿತು. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಬಳಸುವ ಕಾತ್ರಜದ ಕುಟುಂಬವೊಂದಕ್ಕೆ ಈ ಫಲಿತಾಂಶದ ಅರ್ಥ ದೊಡ್ಡದು. ಅದೇ ವ್ಯಕ್ತಿಗೆ ಮೂರು ಭಾಷೆಗಳಲ್ಲಿ ಮೂರು ಅಂಕ ಬರಬಹುದು. ಅವುಗಳಲ್ಲಿ ಯಾವುದು ಆ ವ್ಯಕ್ತಿಯದು ಎಂದು ಇಂಗ್ಲಿಷಿನಲ್ಲಿ ಮಾತ್ರ ಇರುವ ಕ್ವಿಜ್ ಹೇಳಲಾರದು.

ಉತ್ತರ ಕೊಟ್ಟವರು ಯಾರು

‘ಎರಡು ಲಕ್ಷ ಜನ ಈ ಕ್ವಿಜ್ ಬರೆದಿದ್ದಾರೆ’ ಎಂಬ ಜಾಹೀರಾತು ಅಳತೆಗೆ ಬಲ ಕೊಡುವುದಿಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ, ಅಧ್ಯಕ್ಷ ಚುನಾವಣೆಯಲ್ಲಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. 48 ರಾಜ್ಯಗಳಲ್ಲಿ 46ನ್ನು ಗೆದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಪತ್ರಿಕೆಯ ವಿಳಾಸಗಳು ಟೆಲಿಫೋನ್, ಕಾರು ಇದ್ದವರ ಪಟ್ಟಿಗಳಿಂದ ಬಂದಿದ್ದವು; ಮರಳಿ ಬರೆದವರೂ ತಾವಾಗಿ ಆಸಕ್ತಿ ವಹಿಸಿದವರು. ಅದಕ್ಕಿಂತ ಬಹಳ ಚಿಕ್ಕ ಮಾದರಿಯನ್ನು ಎಚ್ಚರದಿಂದ ಆರಿಸಿದ್ದ ಜಾರ್ಜ್ ಗ್ಯಾಲಪ್ ಅವರ ಮುನ್ನೋಟ ಸರಿಯಾಯಿತು.

ಕಾತ್ರಜದಲ್ಲಿಯೂ ಹೀಗೆಯೇ. ವಸತಿ ಸಮುಚ್ಚಯದ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ ಪ್ರಶ್ನಾವಳಿಗೆ ಉತ್ತರಿಸುವವರು ಒಂದು ಬಗೆಯವರು. ನಸುಕಿನಲ್ಲಿ ಚೌಕದಲ್ಲಿ ಕೂಲಿಗಾಗಿ ಕಾದು ನಿಲ್ಲುವವರು ಆ ಗುಂಪಿನಲ್ಲಿಲ್ಲ. ವೈಚಾರಿಕತೆಯ ಕ್ವಿಜ್ ಹುಡುಕಿಕೊಂಡು ಹೋಗುವವರಲ್ಲಿ ತಾವು ವಿಚಾರವಂತರು ಎಂದು ಮೊದಲೇ ನಂಬಿದವರು ಹೆಚ್ಚಿರಬಹುದು. ಇಂಥವರ ಸರಾಸರಿಯ ಜೊತೆ ಹೋಲಿಸಿ ‘ನೀವು ನೂರರಲ್ಲಿ ಎಂಬತ್ತು ಜನರಿಗಿಂತ ಮುಂದಿದ್ದೀರಿ’ ಎಂದರೆ ಆ ನೂರು ಜನ ಯಾರು ಎಂದು ಕೇಳಬೇಕಾಗುತ್ತದೆ.

ರಾಜಕೀಯದ ನಕ್ಷೆ

ರಾಜಕೀಯದ ಕ್ವಿಜ್‌ಗಳಲ್ಲಿ ಹೆಚ್ಚು ಹೆಸರಾದದ್ದು 2001ರಿಂದ ಅಂತರ್ಜಾಲದಲ್ಲಿರುವ ಪೊಲಿಟಿಕಲ್ ಕಂಪಾಸ್. ಅದರಲ್ಲಿ 62 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ಒಪ್ಪಿಗೆಯನ್ನೋ ಅಸಮ್ಮತಿಯನ್ನೋ ಸೂಚಿಸಿದರೆ, ಆರ್ಥಿಕ ನಿಲುವಿನ ಅಡ್ಡಗೆರೆ ಮತ್ತು ಸಾಮಾಜಿಕ ನಿಲುವಿನ ಉದ್ದಗೆರೆಗಳ ನಡುವೆ ಒಂದು ಚುಕ್ಕೆ ಬೀಳುತ್ತದೆ. ನಡುವಿನ ಉತ್ತರಕ್ಕೆ ಅವಕಾಶವಿಲ್ಲ.

ಇಲ್ಲಿ ಮೂರು ತೊಂದರೆಗಳಿವೆ. ಕೇಳಿದ್ದಕ್ಕೆಲ್ಲ ‘ಹೌದು’ ಎನ್ನುವ ಒಲವು ಹಲವರಲ್ಲಿರುವುದರಿಂದ ಹೇಳಿಕೆಯನ್ನು ತಿರುಗಿಸಿ ಬರೆದರೆ ಚುಕ್ಕೆಯೇ ಸರಿಯಬಹುದು. ಎರಡನೆಯದಾಗಿ, ಪಶ್ಚಿಮದ ಎಡ-ಬಲ ಗೆರೆಗಳ ಮೇಲೆ ಭಾರತದ ರಾಜಕೀಯ ಸರಿಯಾಗಿ ಕೂರುವುದಿಲ್ಲ. ಪ್ರದೀಪ್ ಛಿಬ್ಬರ್ ಮತ್ತು ರಾಹುಲ್ ವರ್ಮಾ 2018ರ ತಮ್ಮ ಪುಸ್ತಕದಲ್ಲಿ, ಸಮಾಜದ ರೀತಿರಿವಾಜುಗಳಲ್ಲಿ ಸರ್ಕಾರ ಎಷ್ಟು ಕೈಹಾಕಬೇಕು, ಹಿಂದುಳಿದ ಸಮುದಾಯಗಳಿಗೆ ಮೀಸಲಾತಿಯಂಥ ಮಾನ್ಯತೆ ಎಷ್ಟು ಬೇಕು ಎಂಬ ಎರಡು ಪ್ರಶ್ನೆಗಳ ಸುತ್ತ ಇಲ್ಲಿನ ಸೈದ್ಧಾಂತಿಕ ಭಿನ್ನಮತ ನಿಂತಿದೆ ಎಂದು ವಾದಿಸಿದ್ದಾರೆ. ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಬೆಳಗಾವಿಯ ಗಡಿವಿವಾದ, ಕೃಷ್ಣಾ ನೀರು, ಮಕ್ಕಳ ಕಲಿಕೆಯ ಭಾಷೆ ರಾಜಕೀಯದ ನಿಜವಾದ ವಿಷಯಗಳು. ಆ 62 ಹೇಳಿಕೆಗಳಲ್ಲಿ ಇವಕ್ಕೆ ಜಾಗವಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಂಥ ನಕ್ಷೆ ಯಾರು ಎಲ್ಲಿ ನಿಂತಿದ್ದಾರೆ ಎಂದು ತೋರಿಸಲು ಹೊರಟಿದೆ. ಅಲ್ಲಿಗೆ ಹೇಗೆ ಬಂದರು ಎಂಬುದು ಅದಕ್ಕೆ ತಿಳಿಯದು. ಅಂಚಿನಲ್ಲಿ ನಿಂತವರು ಸಾಕ್ಷ್ಯಗಳನ್ನು ನಿಷ್ಪಕ್ಷಪಾತವಾಗಿ ತೂಗಿಯೇ ಅಲ್ಲಿಗೆ ಬಂದಿರಬಹುದು. ನಡುವೆ ನಿಂತವರು ಯೋಚಿಸದೆಯೇ ನಿಂತಿರಬಹುದು. ನಿಲುವನ್ನು ಅಳೆದು ಪಕ್ಷಪಾತವನ್ನು ಅಳೆದೆವು ಎನ್ನುವುದು ತಪ್ಪು.

ಜರ್ಮನಿಯಲ್ಲಿ 2002ರಿಂದ ನಡೆಯುತ್ತಿರುವ ವಾಲ್-ಒ-ಮಾಟ್ ಎಂಬ ಚುನಾವಣಾ ಪ್ರಶ್ನಾವಳಿ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಪಕ್ಷಗಳೇ ತಮ್ಮ ನಿಲುವನ್ನು ಬರೆದುಕೊಡುತ್ತವೆ. ಮತದಾರರು ತಮ್ಮ ಉತ್ತರವನ್ನು ಅದರೊಂದಿಗೆ ಹೋಲಿಸಿ ನೋಡುತ್ತಾರೆ. ವ್ಯಕ್ತಿಗೆ ಅಂಕ ಕೊಡುವ ಗೋಜಿಗೆ ಅದು ಹೋಗುವುದಿಲ್ಲ. ಭಾರತದಲ್ಲಿ ಲೋಕನೀತಿ-ಸಿಎಸ್‌ಡಿಎಸ್ ಸಂಸ್ಥೆಯ ಚುನಾವಣಾ ಅಧ್ಯಯನಗಳಲ್ಲಿ ಮತದಾರರ ಪಟ್ಟಿಯಿಂದ ಜನರನ್ನು ಯಾದೃಚ್ಛಿಕವಾಗಿ ಆರಿಸಿ, ಮನೆಗೆ ಹೋಗಿ, ಅವರವರ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾರೆ. ಯಾರಿಗೆ ಮತ ಎಂಬುದನ್ನು ಬಾಯಲ್ಲಿ ಹೇಳಿಸದೆ ಅಣಕು ಮತಪತ್ರದಲ್ಲಿ ಗುರುತು ಹಾಕಿಸಿ ಪೆಟ್ಟಿಗೆಗೆ ಹಾಕಿಸುತ್ತಾರೆ. ನೆರೆಯವರ ಎದುರು, ಪ್ರಶ್ನೆ ಕೇಳುವವರ ಎದುರು ಜನ ಹೇಳುವ ಮಾತು ಬೇರೆಯಾಗಬಹುದು ಎಂಬ ಅರಿವು ಈ ಕ್ರಮದ ಹಿಂದಿದೆ.

ಪಕ್ಷಪಾತ ಕಾಣುವ ಬಗೆ

1979ರಲ್ಲಿ ಚಾರ್ಲ್ಸ್ ಲಾರ್ಡ್, ಲೀ ರಾಸ್ ಮತ್ತು ಮಾರ್ಕ್ ಲೆಪರ್ ಮರಣದಂಡನೆಯ ಪರ ಇದ್ದ 24 ಮತ್ತು ವಿರುದ್ಧ ಇದ್ದ 24 ವಿದ್ಯಾರ್ಥಿಗಳಿಗೆ ಎರಡು ಅಧ್ಯಯನಗಳನ್ನು ಓದಿಸಿದರು. ಒಂದು ಮರಣದಂಡನೆಯಿಂದ ಕೊಲೆಗಳು ಕಡಿಮೆಯಾಗುತ್ತವೆ ಎನ್ನುತ್ತಿತ್ತು, ಇನ್ನೊಂದು ಇಲ್ಲವೆನ್ನುತ್ತಿತ್ತು. ಎರಡೂ ಕಡೆಯವರು ತಮಗೆ ಒಪ್ಪುವ ಅಧ್ಯಯನವನ್ನು ಗಟ್ಟಿಯೆಂದೂ ಒಪ್ಪದ್ದನ್ನು ದೋಷಪೂರ್ಣವೆಂದೂ ಕಂಡರು. ಎರಡೂ ಕಡೆಯ ಸಾಕ್ಷ್ಯ ಓದಿದ ಮೇಲೆ ತಮ್ಮ ನಿಲುವು ಇನ್ನಷ್ಟು ಬಲವಾಯಿತು ಎಂದರು.

ಡ್ಯಾನ್ ಕಹಾನ್ ಮತ್ತು ಸಂಗಡಿಗರು 1,111 ಅಮೆರಿಕನ್ನರ ಮೇಲೆ ನಡೆಸಿದ ಪ್ರಯೋಗ ಇನ್ನೂ ಸೂಕ್ಷ್ಮ. ಅವರಿಗೆ ಕೊಟ್ಟ ಕಾಲ್ಪನಿಕ ಅಂಕಿಗಳ ಪ್ರಕಾರ, ಚರ್ಮದ ಮುಲಾಮು ಹಚ್ಚಿಕೊಂಡವರಲ್ಲಿ 223 ಜನರ ದದ್ದು ಇಳಿದು 75 ಜನರದು ಏರಿತು. ಹಚ್ಚಿಕೊಳ್ಳದವರಲ್ಲಿ 107 ಜನರದು ಇಳಿದು 21 ಜನರದು ಏರಿತು. ಮುಲಾಮು ಕೆಲಸ ಮಾಡಿತೇ? 223 ದೊಡ್ಡ ಸಂಖ್ಯೆಯಾದ್ದರಿಂದ ಹೌದು ಎನಿಸುತ್ತದೆ. ಪ್ರಮಾಣ ನೋಡಿದರೆ ಹಚ್ಚಿಕೊಂಡವರಲ್ಲಿ ಗುಣವಾದವರು ನೂರಕ್ಕೆ 75, ಹಚ್ಚಿಕೊಳ್ಳದವರಲ್ಲಿ ಸುಮಾರು 84. ಮುಲಾಮಿನಿಂದ ಕೆಡುಕೇ ಆಯಿತು. ಲೆಕ್ಕ ಬಲ್ಲವರು ಇದನ್ನು ಹೆಚ್ಚು ಸರಿಯಾಗಿ ಬಿಡಿಸಿದರು. ಅವೇ ಅಂಕಿಗಳಿಗೆ ಬಂದೂಕು ನಿಯಂತ್ರಣ ಮತ್ತು ಅಪರಾಧ ಎಂಬ ಹೆಸರು ಕೊಟ್ಟಾಗ ಫಲಿತಾಂಶ ತಮ್ಮ ಪಕ್ಷಕ್ಕೆ ಒಪ್ಪುವಂತಿದ್ದಾಗ ಜನ ಹೆಚ್ಚು ಸರಿಯಾಗಿ ಬಿಡಿಸಿದರು. ಲೆಕ್ಕ ಚೆನ್ನಾಗಿ ಬಲ್ಲವರಲ್ಲಿ ಈ ಒಡಕು ಇನ್ನೂ ಹೆಚ್ಚಿತ್ತು ಎಂದು ಈ ತಂಡ ವರದಿ ಮಾಡಿತು. ಸ್ವೀಡನ್ನಿನ ಸಂಶೋಧಕರ ತಂಡವೊಂದು 2021ರಲ್ಲಿ ಪ್ರಕಟಿಸಿದ ಮರುಪ್ರಯೋಗದಲ್ಲಿ, ಲೆಕ್ಕದ ಜಾಣ್ಮೆಯೊಂದಿಗೆ ಪಕ್ಷಪಾತ ಹೆಚ್ಚುತ್ತದೆ ಎಂಬ ಕೊನೆಯ ಮಾತಿಗೆ ಬೆಂಬಲ ಸಿಗಲಿಲ್ಲ. ಆದರೆ ಜಾಣತನ ಪಕ್ಷಪಾತಕ್ಕೆ ಮದ್ದು ಎಂದು ಅದೂ ತೋರಿಸಲಿಲ್ಲ. ಸ್ವಪಕ್ಷದ ಒಲವಿಗೂ ಬುದ್ಧಿಶಕ್ತಿಗೂ ಸಂಬಂಧ ಬಹಳ ಕಡಿಮೆ ಎಂಬುದು ಸ್ಟ್ಯಾನೊವಿಚ್ ತಂಡದ ಕಾಣ್ಕೆ.

ಈ ಪ್ರಯೋಗಗಳ ರಚನೆಯಲ್ಲಿ ಒಂದು ಪಾಠವಿದೆ. ಪಕ್ಷಪಾತವನ್ನು ಕಂಡುಹಿಡಿಯಲು ಹೋಲಿಕೆ ಬೇಕು. ಪುಣೆಯಲ್ಲಿ ಇಂಥ ಅಧ್ಯಯನ ಮಾಡುವುದಾದರೆ ಗಡಿವಿವಾದ ಕುರಿತ ಒಂದೇ ದಾಖಲೆಯನ್ನು ಅರ್ಧ ಜನರಿಗೆ ಕರ್ನಾಟಕ ಸರ್ಕಾರದ ಹೆಸರಿನಲ್ಲಿ, ಇನ್ನರ್ಧ ಜನರಿಗೆ ಮಹಾರಾಷ್ಟ್ರ ಸರ್ಕಾರದ ಹೆಸರಿನಲ್ಲಿ, ಚೀಟಿ ಎತ್ತಿ ಹಂಚಿ ಕೊಡಬೇಕು. ದಾಖಲೆ ಒಂದೇ ಆಗಿರುವಾಗ ನಂಬಿಕೆ ಎಷ್ಟು ಬದಲಾಯಿತೋ ಅಷ್ಟು ಪಕ್ಷಪಾತ. ಇದು ಗುಂಪಿನ ಅಳತೆ. ಒಬ್ಬ ವ್ಯಕ್ತಿ ಒಮ್ಮೆ ಬರೆಯುವ ಪ್ರಶ್ನಾವಳಿಯಲ್ಲಿ ಹೋಲಿಸಲು ಎರಡನೆಯ ದಾಖಲೆಯೇ ಇರುವುದಿಲ್ಲ. ‘ನೀವು ಪಕ್ಷಪಾತಿಗಳೇ?’ ಎಂದು ನೇರವಾಗಿ ಕೇಳಿಯೂ ಫಲವಿಲ್ಲ. 2002ರಲ್ಲಿ ಎಮಿಲಿ ಪ್ರೊನಿನ್ ಮತ್ತು ಸಂಗಡಿಗರು ತೋರಿಸಿದಂತೆ, ಜನ ಪಕ್ಷಪಾತವನ್ನು ಇತರರಲ್ಲಿ ಬೇಗ ಗುರುತಿಸುತ್ತಾರೆ, ತಮ್ಮಲ್ಲಿ ಗುರುತಿಸುವುದಿಲ್ಲ.

ಫಲಿತಾಂಶ ನಿಜವೆನಿಸುವುದೇಕೆ

ಇಷ್ಟೆಲ್ಲ ಮಿತಿಗಳಿದ್ದೂ ಕ್ವಿಜ್ ಬರೆದವರಿಗೆ ಫಲಿತಾಂಶ ತಮ್ಮನ್ನೇ ಕುರಿತು ಬರೆದಂತೆ ಕಾಣುತ್ತದೆ. 1949ರಲ್ಲಿ ಪ್ರಕಟವಾದ ಬರ್ಟ್ರಮ್ ಫೋರರ್ ಅವರ ಪ್ರಯೋಗ ಇದಕ್ಕೆ ಕಾರಣ ಹೇಳುತ್ತದೆ. 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ಅವರದೇ ಎಂದು ಹೇಳಿ ಒಂದೇ ವಿವರಣೆಯನ್ನು ಹಂಚಿದರು. ಅದರ ವಾಕ್ಯಗಳಲ್ಲಿ ಹೆಚ್ಚಿನವು ಜ್ಯೋತಿಷ್ಯದ ಅಗ್ಗದ ಪುಸ್ತಕದಿಂದ ಬಂದಿದ್ದವು. ವಿದ್ಯಾರ್ಥಿಗಳು ಅದರ ನಿಖರತೆಗೆ 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಓದಿದವರಿಗೆ ನಿಜವೆನಿಸಿತು ಎಂಬುದು ಪರೀಕ್ಷೆ ಸರಿಯಿದೆ ಎಂಬುದಕ್ಕೆ ಪುರಾವೆಯಾಗದು.

ಪುಣೆಯ ಪರೀಕ್ಷೆ

ಪುರಾವೆ ಹೇಗಿರಬೇಕು ಎಂಬುದನ್ನು ಪುಣೆಯಲ್ಲಿ 2008ರಲ್ಲಿ ನಡೆದ ಪ್ರಯೋಗವೊಂದು ತೋರಿಸಿಕೊಟ್ಟಿತು. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್, ಸಂಖ್ಯಾಶಾಸ್ತ್ರಜ್ಞ ಸುಧಾಕರ ಕುಂಟೆ, ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ನರೇಂದ್ರ ದಾಭೋಳ್ಕರ್ ಮತ್ತು ಪ್ರಕಾಶ ಘಾಟಪಾಂಡೆ ಸೇರಿ ಜಾತಕದ ಶಕ್ತಿಯನ್ನು ಪರೀಕ್ಷೆಗೆ ಒಡ್ಡಿದರು. ಓದಿನಲ್ಲಿ ಮುಂದಿದ್ದ 100 ಮಕ್ಕಳ ಮತ್ತು ಬುದ್ಧಿಮಾಂದ್ಯತೆಯಿದ್ದ 100 ಮಕ್ಕಳ ಜನ್ಮವಿವರಗಳಿಂದ ಜಾತಕ ತಯಾರಾಯಿತು. ಪಾಲ್ಗೊಂಡ ಪ್ರತಿ ಜ್ಯೋತಿಷಿಗೂ ಯಾದೃಚ್ಛಿಕವಾಗಿ ಆರಿಸಿದ 40 ಜಾತಕಗಳು ಹೋದವು. ಯಾವುದು ಯಾವ ಗುಂಪಿನದು ಎಂದು ಹೇಳುವುದಷ್ಟೇ ಅವರ ಕೆಲಸ.

51 ಜ್ಯೋತಿಷಿಗಳು ಜಾತಕ ಪಡೆದರು, 27 ಜನ ಉತ್ತರ ಕಳಿಸಿದರು. ಕಣ್ಣುಮುಚ್ಚಿ ಹೇಳಿದರೂ 40ರಲ್ಲಿ 20ರ ಸುತ್ತಮುತ್ತ ಸರಿಯಾಗುತ್ತದೆ. ಬರೀ ಅದೃಷ್ಟದಿಂದ 28 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ ನೂರರಲ್ಲಿ ಒಂದಕ್ಕಿಂತ ಕಡಿಮೆ. ಎಲ್ಲರಲ್ಲಿ ಹೆಚ್ಚು ಅಂಕ ಪಡೆದವರದು 24. ಗುಂಪಿನ ಸರಾಸರಿ 20ನ್ನು ಮುಟ್ಟಲಿಲ್ಲ. 200 ಜಾತಕಗಳನ್ನೂ ನೋಡಿದ ಒಂದು ಸಂಸ್ಥೆ 102ನ್ನು ಸರಿಯಾಗಿ ಹೇಳಿತು. ಫಲಿತಾಂಶ 2009ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು.

ಈ ಪ್ರಯೋಗದ ಅಂಗಗಳನ್ನು ಬಿಡಿಸಿ ನೋಡಬೇಕು. ಸರಿಯುತ್ತರ ಮೊದಲೇ ಖಚಿತವಾಗಿತ್ತು. ಅದು ಉತ್ತರಿಸುವವರಿಗೆ ಗೊತ್ತಿರಲಿಲ್ಲ. ಅದೃಷ್ಟದ ಪಾಲು ಎಷ್ಟು ಎಂಬುದಕ್ಕೆ ಲೆಕ್ಕವಿತ್ತು. ಬಂದ ಫಲಿತಾಂಶ ಎಲ್ಲರೂ ಪರಿಶೀಲಿಸುವಂತೆ ಪ್ರಕಟವಾಯಿತು. ಜ್ಯೋತಿಷ್ಯಕ್ಕೆ ಅನ್ವಯಿಸಿದ ಈ ಅಳತೆಯನ್ನೇ ವೈಚಾರಿಕತೆಯ ಕ್ವಿಜ್‌ಗೂ ಅನ್ವಯಿಸಬೇಕು. ಹೆಚ್ಚು ಅಂಕ ಪಡೆದವರು ಸುಳ್ಳು ಸುದ್ದಿಯನ್ನು ಕಡಿಮೆ ಹಂಚುತ್ತಾರೆಯೇ, ಮೋಸದ ಹಣಹೂಡಿಕೆಗೆ ಕಡಿಮೆ ಸಿಲುಕುತ್ತಾರೆಯೇ ಎಂದು ಅಂಕ ಗೊತ್ತಿಲ್ಲದವರು ಪರೀಕ್ಷಿಸಿ ತೋರಿಸಬೇಕು. ಹಾಗೆ ತೋರಿಸದ ಕ್ವಿಜ್ ಮತ್ತು ಜಾತಕ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಈ ಪ್ರಯೋಗದ ಪಾಲುದಾರರಲ್ಲಿ ಒಬ್ಬರಾದ ದಾಭೋಳ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಕ್ವಿಜ್‌ನಲ್ಲಿ ಉತ್ತರ ಒತ್ತುವುದಕ್ಕೆ ಬೆಲೆ ತೆರಬೇಕಾಗಿಲ್ಲ. ಸಮಾಜದ ನಡುವೆ ನಿಂತು ಸಾಕ್ಷ್ಯ ಕೇಳುವುದಕ್ಕೆ ಬೆಲೆಯಿದೆ. ಬೆಲೆ ತೆರಬೇಕಾದಾಗಲೂ ಉಳಿಯುವ ವಿವೇಚನೆಯನ್ನು ಅಳೆಯುವ ಪ್ರಶ್ನಾವಳಿ ಇಲ್ಲ.

ಅಳೆಯುವವರು ಒಯ್ಯುವುದು

ಕ್ವಿಜ್ ಅಳೆಯುವುದು ಕಡಿಮೆ, ಸಂಗ್ರಹಿಸುವುದು ಹೆಚ್ಚು ಎಂಬುದಕ್ಕೆ 2018ರಲ್ಲಿ ಬಯಲಾದ, ಕೇಂಬ್ರಿಜ್ ಅನಾಲಿಟಿಕಾ ಎಂಬ ರಾಜಕೀಯ ಸಲಹಾ ಕಂಪನಿಯ ಪ್ರಕರಣ ಸಾಕ್ಷಿ. ಫೇಸ್‌ಬುಕ್ಕಿನಲ್ಲಿದ್ದ ವ್ಯಕ್ತಿತ್ವದ ಕ್ವಿಜ್ ಆ್ಯಪ್ ಒಂದನ್ನು ಭಾರತದಲ್ಲಿ 335 ಜನ ಹಾಕಿಕೊಂಡಿದ್ದರು. ಅವರ ಮತ್ತು ಅವರ ಸ್ನೇಹಜಾಲಗಳ ಮೂಲಕ ಭಾರತದ 5,62,455 ಜನರ ಮಾಹಿತಿ ಆ ಕಂಪನಿಗೆ ಸೋರಿರಬಹುದು ಎಂದು ಫೇಸ್‌ಬುಕ್ ತಿಳಿಸಿತು. ಜಗತ್ತಿನಾದ್ಯಂತ ಈ ಸಂಖ್ಯೆ 8.7 ಕೋಟಿಯವರೆಗೆ ಇರಬಹುದು ಎಂದಿತು. ರಾಜಕೀಯ ನಿಲುವಿನ ಪ್ರಶ್ನೆಗಳಿಗೆ ಹೆಸರು, ಫೋನ್ ಸಂಖ್ಯೆ ಸಹಿತ ಉತ್ತರಿಸುವುದು ಮತಪತ್ರವನ್ನು ಬೀದಿಯಲ್ಲಿ ತೆರೆದಿಟ್ಟ ಹಾಗೆ.

ಕ್ವಿಜ್‌ನ ಜಾಗ

ಕ್ವಿಜ್‌ಗಳಿಂದ ಪ್ರಯೋಜನವೇ ಇಲ್ಲ ಎಂದು ಇದರಿಂದ ಅರ್ಥವಾಗುವುದಿಲ್ಲ. ಬ್ಯಾಟು-ಚೆಂಡಿನ ಲೆಕ್ಕದಲ್ಲಿ ಎಡವಿದ ವಿದ್ಯಾರ್ಥಿಗೆ ಮೊದಲ ಹೊಳಹನ್ನು ಅನುಮಾನಿಸಬೇಕು ಎಂಬ ಪಾಠ ಒಂದೇ ನಿಮಿಷದಲ್ಲಿ ಸಿಗುತ್ತದೆ. ಮುಲಾಮಿನ ಲೆಕ್ಕ ಪ್ರಮಾಣಕ್ಕೂ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ಕಲಿಸುತ್ತದೆ. ಶಾಲೆಯಲ್ಲಿ, ಮನೆಯಲ್ಲಿ, ಗೆಳೆಯರ ನಡುವೆ ಇವನ್ನು ಕನ್ನಡದಲ್ಲಿ ಬಿಡಿಸಿ ಚರ್ಚಿಸಿದರೆ ಯೋಚನೆಗೆ ಸಾಣೆ ಹಿಡಿದಂತಾಗುತ್ತದೆ. ನಮ್ಮ ಸಂವಿಧಾನದ 51-ಎ(ಎಚ್) ವಿಧಿ ವೈಜ್ಞಾನಿಕ ಮನೋಧರ್ಮವನ್ನು, ಪ್ರಶ್ನಿಸುವ ಗುಣವನ್ನು ಬೆಳೆಸಿಕೊಳ್ಳುವುದು ಪ್ರತಿ ಪೌರರ ಕರ್ತವ್ಯ ಎನ್ನುತ್ತದೆ. ಆ ಕರ್ತವ್ಯಕ್ಕೆ ಕ್ವಿಜ್ ಒಂದು ವ್ಯಾಯಾಮವಾಗಬಹುದು.

ಪ್ರಮಾಣಪತ್ರವಾಗಲು ಅದಕ್ಕೆ ಅರ್ಹತೆಯಿಲ್ಲ. ಒಬ್ಬರನ್ನು ಕೆಲಸಕ್ಕೆ ಆರಿಸಲು, ಒಂದು ಸಮುದಾಯವನ್ನು ಅವೈಚಾರಿಕವೆಂದು ಕರೆಯಲು, ಎದುರು ಪಕ್ಷದವರನ್ನು ಪಕ್ಷಪಾತಿಗಳೆಂದು ಹೀಗಳೆಯಲು, ತಾನು ನಿಷ್ಪಕ್ಷಪಾತಿ ಎಂದು ಬೀಗಲು ಆ ಅಂಕವನ್ನು ಬಳಸಬಾರದು. ತನ್ನ ವಿವೇಚನೆಯನ್ನು ನಿಜವಾಗಿ ತಿಳಿಯಬೇಕೆನ್ನುವವರಿಗೆ ಒಂದು ನೋಟುಪುಸ್ತಕ ಸಾಕು. ಮುಂದೇನಾಗುತ್ತದೆ ಎಂದು ತಾನು ನಂಬಿದ್ದನ್ನು ದಿನಾಂಕ ಹಾಕಿ ಬರೆದಿಟ್ಟು, ವರ್ಷದ ಕೊನೆಗೆ ಎಷ್ಟು ನಿಜವಾಯಿತು, ಸುಳ್ಳಾದಾಗ ಎಷ್ಟು ಸಲ ಮನಸ್ಸು ಬದಲಿಸಿದೆ ಎಂದು ಎಣಿಸಬೇಕು. ಈ ಲೆಕ್ಕ ನಿಧಾನದ್ದು, ಆದರೆ ಸಾಕ್ಷ್ಯ ಬಂದಾಗ ನಂಬಿಕೆ ಬದಲಾಯಿತೇ ಎಂಬುದನ್ನು ಅದು ನೇರವಾಗಿ ತೋರಿಸುತ್ತದೆ.